ಭುಜದ ಮೇಲಿನ ಕೈ

ಮಾರ್ಚ್ ೪

ಅಕ್ಕಾ,

ಈ ಕಾಗದವನ್ನು ಒಡೆಯದೆಯೇ ಹರಿದು ಹಾಕಿಬಿಡುತ್ತೀಯೇನೋ ಅಂತ ಭಯ. ಅದಕ್ಕೇ ಲಕೋಟೆಯ ಹಿಂದೆ ಕಳಿಸಿದವರ ಹೆಸರು ಬರೆದಿಲ್ಲ. ಫೋನ್ ಮಾಡೋಣ ಅಂದರೆ ನನ್ನ ನಂಬರನ್ನು ನೀನು ಬ್ಲಾಕ್ ಮಾಡಿದ್ದೀಯ. ನನ್ನ ಮದುವೆಯಾಗಿ ಒಂದೂವರೆ ವರ್ಷವಾಯಿತು, ನಮ್ಮಿಬ್ಬರ ಮಧ್ಯೆ ಮಾತಿಲ್ಲ ಕತೆಯಿಲ್ಲ. ನನ್ನದೂ ತಪ್ಪಿದೆ, ಒಪ್ಪುತ್ತೇನೆ. ಅದನ್ನೆಲ್ಲ ಆಮೇಲೆ ಕೂತು ಮಾತಾಡೋಣ. ಈಗ ನಾನು ದೊಡ್ಡ ಇಕ್ಕಟ್ಟಿನಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ.

ಇವರು ಹೊರದೇಶದ ಆಸ್ಪತ್ರೆಯೊಂದರಲ್ಲಿ ನರ್ಸ್ ಕೆಲಸಕ್ಕೆ ಸೇರಿ ವರ್ಷವಾಯಿತು. ನಾನು ಇನ್ನೂ ಅತ್ತೆಯ ಮನೆಯಲ್ಲೇ ಇದ್ದೇನೆ, ಹತ್ತಿರದ ಶಾಲೆಯೊಂದರಲ್ಲಿ ಪಾಠ ಮಾಡುತ್ತೇನೆ. ನನ್ನನ್ನು ಕರೆಸಿಕೊಳ್ಳಲು ಇವರು ವೀಸಾಕ್ಕೆ ಅರ್ಜಿ ಹಾಕಿದ್ದಾರೆ. ನಿಜವಾದ ಗಂಡ ಹೆಂಡತಿ ಅನ್ನುವುದಕ್ಕೆ ಪುರಾವೆ ಕೊಡಬೇಕು. ಮದುವೆಯ ಫೋಟೋ ಬೇಕು, ಅದರಲ್ಲೂ ಎರಡೂ ಕಡೆಯ ಮನೆಯವರು ಇರುವಂಥದ್ದು. ಆಲ್ಬಮ್ಮಿನಿಂದ ಒಳ್ಳೊಳ್ಳೆಯದನ್ನೇ ಆರಿಸಿ ಕಳಿಸಿದ್ದೆವು. ಹೋದ ವಾರ ಅಲ್ಲಿನ ಕಚೇರಿಯಿಂದ ಪತ್ರ ಬಂದಿದೆ. ಮನೆಯವರೆಲ್ಲ ಸಾಲಾಗಿ ನಿಂತಿರುವ ದೊಡ್ಡ ಫೋಟೋ ಇದೆಯಲ್ಲ, ಅದನ್ನು ತಿದ್ದಲಾಗಿದೆ ಅಂತ ಅವರ ಅನುಮಾನ. ನನ್ನ ಎಡ ಭುಜದ ಮೇಲೆ ಒಂದು ಕೈ ಇದೆಯಂತೆ, ಅದು ಯಾರದೂ ಅಲ್ಲವಂತೆ. ನನ್ನ ಹಿಂದೆ ಎಡಕ್ಕೆ ನಿಂತಿರುವ ಇವರ ದೊಡ್ಡಮ್ಮನ ಎರಡು ಕೈಗಳೂ ಕೆಳಗಿವೆ, ಹಾಗಾದರೆ ಈ ಹೆಂಗಸಿಗೆ ಮೂರು ಕೈಗಳೇ ಅಂತ ಕೇಳಿದ್ದಾರೆ. ಅದೇ ದೊಡ್ಡಮ್ಮ ಸಾಲಿನ ಆ ತುದಿಯಲ್ಲಿ ಇನ್ನೊಂದು ಸಲ ನಿಂತಿರುವುದು ಅವರ ಕಣ್ಣಿಗೆ ಬಿದ್ದಿಲ್ಲ, ಸದ್ಯ.

ಅಕ್ಕಾ, ಅದು ನಿನ್ನ ಕೈ. ಫೋಟೋ ಅಂಗಡಿಯವರು ಏನೋ ಎಡವಟ್ಟು ಮಾಡಿದ್ದಾರೆ.

ಮೇ ಮೊದಲ ವಾರದೊಳಗೆ ಉತ್ತರ ಹೋಗದಿದ್ದರೆ ಅರ್ಜಿ ತಿರಸ್ಕಾರವಾಗುತ್ತದೆ. ಮೋಸದ ಮದುವೆ ಅಂತ ಒಂದು ಸಲ ಬರೆದರೆ ಆ ಬಾಗಿಲು ಮತ್ತೆ ವರ್ಷಗಟ್ಟಲೆ ತೆರೆಯುವುದಿಲ್ಲ. ಫೋಟೋದವನ ಕಂಪ್ಯೂಟರು ಕೆಟ್ಟು ಹಳೆಯದೆಲ್ಲ ಹೋಗಿದೆಯಂತೆ. 'ತಿದ್ದದೇ ಇರೋ ಪ್ರಿಂಟು ನಿಮ್ಮ ಅಕ್ಕನ ಹತ್ರ ಇದೆ, ಅವರನ್ನೇ ಕೇಳಿ' ಅಂದ. ದಯವಿಟ್ಟು ಅವನ್ನು ಕಳಿಸು. ಜೊತೆಗೆ ಒಂದು ಹೇಳಿಕೆಗೆ ಸಹಿ ಬೇಕು. ಒಕ್ಕಣೆಯನ್ನು ನಾನೇ ಬರೆದು ಇದರ ಜೊತೆ ಇಟ್ಟಿದ್ದೇನೆ. ನೀನು ಮದುಮಗಳ ಅಲಂಕಾರಕ್ಕೆ ಬಂದಿದ್ದ ಬ್ಯೂಟಿಷಿಯನ್, ನನ್ನ ಬಟ್ಟೆ ಸರಿಮಾಡುವಾಗ ಫೋಟೋದೊಳಗೆ ಬಂದುಬಿಟ್ಟೆ, ಮನೆಯವಳಲ್ಲವಾದ್ದರಿಂದ ಆಮೇಲೆ ತೆಗೆಸಿದೆವು, ಇಷ್ಟೇ. ಅರ್ಜಿಯಲ್ಲಿ ಒಡಹುಟ್ಟಿದವರು ಅನ್ನುವ ಕಡೆ 'ಇಲ್ಲ' ಅಂತ ಬರೆದಾಗಿದೆ, ಅದಕ್ಕೆ ಹೀಗೆ. ಕೋಪ ಮಾಡಿಕೊಳ್ಳಬೇಡ. ಉತ್ತರವನ್ನು ಶಾಲೆಯ ವಿಳಾಸಕ್ಕೆ ಬರಿ.

ನಿನ್ನ
ಪುಟ್ಟಿ


ಮಾರ್ಚ್ ೧೫

ಟೀಚರಮ್ಮನವರಿಗೆ,

ಕಾಗದ ತಲುಪಿತು. ಹರಿದು ಹಾಕಲಿಲ್ಲ. ಪಾರ್ಲರಿನ ಕನ್ನಡಿಯ ಸಂದಿಗೆ ಸಿಕ್ಕಿಸಿ, ಇಬ್ಬರ ಹುಬ್ಬು ತೆಗೆದು, ಇನ್ನೊಬ್ಬಳ ತಲೆಗೆ ಬಣ್ಣ ಹಚ್ಚಿ, ಅದು ಹಿಡಿಯುವಷ್ಟು ಹೊತ್ತಿನಲ್ಲಿ ಕೂತು ಓದಿದೆ. ಓದಿ ಜೋರಾಗಿ ನಕ್ಕೆ. ಬಣ್ಣ ಹಚ್ಚಿಸಿಕೊಂಡವಳು ತನ್ನ ತಲೆಗೇ ಏನೋ ಆಯಿತು ಅಂತ ಗಾಬರಿಯಾದಳು.

ಮೂರು ಕೈಯ ದೊಡ್ಡಮ್ಮ! ಆ ಆಫೀಸರ್ ಯಾರೋ ಪುಣ್ಯಾತ್ಮ, ಸಿಕ್ಕರೆ ಒಂದು ಫೇಶಿಯಲ್ ಪುಕ್ಕಟೆ ಮಾಡಿಕೊಡ್ತೀನಿ. ಅಷ್ಟು ಜನ ನೆಂಟರು ಆಲ್ಬಮ್ ತಿರುವಿ ಹಾಕಿ 'ಚೆನ್ನಾಗಿದೆ ಚೆನ್ನಾಗಿದೆ' ಅಂದಿರಬೇಕು. ಕಣ್ಣು ಬಿಟ್ಟು ನೋಡಿದವನು ಅವನೊಬ್ಬನೇ.

ನೀನು ಮರೆತಿದ್ದರೆ ನಾನು ನೆನಪು ಮಾಡ್ತೀನಿ, ಕೇಳು. ಮದುವೆಯ ಬೆಳಿಗ್ಗೆ ನಿನ್ನ ಮುಖಕ್ಕೆ ನಾನು ಜೀವ ತೇದೆ. ಯಾವ ಬಾಟಲಿಯ ಬಣ್ಣವೂ ನಿನ್ನ ಉಗುರಿಗೆ ಒಪ್ಪಲಿಲ್ಲ ಅಂತ ಕೆಂಪಿಗೆ ಒಂಚೂರು ಕಂದು ಸೇರಿಸಿ, ಸುಟ್ಟ ಇಟ್ಟಿಗೆಯ ಬಣ್ಣ ಬರುವ ತನಕ ಬೆರೆಸಿದೆ. ಆ ಬಣ್ಣ ಅಂಗಡಿಯಲ್ಲಿ ಸಿಗೋದಿಲ್ಲ, ನಾನೂ ಆಮೇಲೆ ಯಾರಿಗೂ ಹಚ್ಚಲಿಲ್ಲ. ನಿನ್ನ ಹತ್ತು ಬೆರಳನ್ನೂ ನನ್ನ ಮಂಡಿ ಮೇಲೆ ಇಟ್ಟುಕೊಂಡು ಊದಿ ಒಣಗಿಸುತ್ತಿದ್ದೆ. ಆಗ ನಿನ್ನ ಅತ್ತೆ ಒಳಗೆ ಬಂದರು.

'ಪಾರ್ಲರಿನವರೇ, ಬೇಗ ಮುಗಿಸಿ. ಹಿಂದುಗಡೆ ಡ್ರೈವರ್‌ಗಳಿಗೆ ಊಟ ಹಾಕ್ತಾರೆ. ಅವರ ಜೊತೆ ಕೂತು ಊಟ ಮಾಡ್ಕೊಂಡು ಹೊರಡಿ.'

ನಾನು ಕನ್ನಡಿಯಲ್ಲಿ ನಿನ್ನ ಮುಖ ನೋಡಿದೆ. ಪಾಪ, ಅವರಿಗೆ ಗುರುತು ಸಿಕ್ಕಿಲ್ಲ, ಈಗ ಇವಳು ಹೇಳ್ತಾಳೆ ಅಂದುಕೊಂಡೆ. ನೀನು ಕಣ್ಣು ತಪ್ಪಿಸಿ, 'ಹೂಂ ಅತ್ತೆ, ಇನ್ನೇನು ಮುಗೀತು' ಅಂದೆ.

'ಎಲ್ಲಾ ಹೇಳಿದ್ದೀನಿ ಅಕ್ಕ, ಅವರೇನೂ ಅಂದ್ಕೊಳ್ಳಲ್ಲ' ಅಂತ ನೀನು ನನಗೆ ಹೇಳಿದ್ದೆ. ಅವರಿಗೆ ಹೇಳಿದ್ದು ನನಗೆ ಅಕ್ಕನೇ ಇಲ್ಲ ಅಂತ. ಸೋದರಮಾವನೂ ಅವನ ಹೆಂಡತಿಯೂ ಅಪ್ಪ ಅಮ್ಮನ ಜಾಗದಲ್ಲಿ ಗೊಂಬೆಗಳ ಹಾಗೆ ಕೂತಿದ್ದರಲ್ಲ, ಅವರ ಬಾಯಿಗೂ ನೀನೇ ಬೀಗ ಹಾಕಿದ್ದೆ.

ಫೋಟೋದವನಿಗೆ ಮಾತ್ರ ಪಾಠ ಹೇಳಿಕೊಡೋದು ಮರೆತೆ. ಎಷ್ಟೋ ಮದುವೆಗಳಲ್ಲಿ ಅವನೂ ನಾನೂ ಜೊತೆಗೆ ದುಡಿದವರು. 'ಅಕ್ಕಾ, ನೀವೂ ಬನ್ನಿ, ಹಿಂದೆ ಜಾಗ ಇದೆ' ಅಂತ ಅವನು ಕೂಗಿದ. ನಾನು ಹಲ್ಲು ಕಚ್ಚಿಕೊಂಡು ಬಂದು ನಿನ್ನ ಹಿಂದೆ ನಿಂತೆ. ಭುಜದ ಮೇಲೆ ಕೈ ಇಟ್ಟೆ. ಪ್ರೀತಿಗೆ ಅಂತ ತಿಳಿಯಬೇಡ. ಮೂಳೆ ಸಿಗುವ ತನಕ ಒತ್ತಿದೆ. ನೀನು ಕಿರುಚಬೇಕು, ಎಲ್ಲರೂ ತಿರುಗಿ ಯಾಕೆ ಅಂತ ಕೇಳಬೇಕು, ಆಗ ನಾನು ಯಾರು ಅಂತ ಹೇಳಬೇಕು. ನೀನು ಕಿರುಚಲಿಲ್ಲ. ನಗ್ತಾನೇ ಹೊದ್ದಿದ್ದ ಶಾಲಿನ ಅಡಿಯಿಂದ ಬೆರಳು ತಂದು ನನ್ನ ಕೈಯನ್ನು ತಳ್ಳೋಕೆ ನೋಡಿದೆ. ಅದೂ ನೆನಪಿದೆ ನನಗೆ.

ಫೋಟೋ ನನ್ನ ಹತ್ತಿರ ಇದೆ. ಕೊಡೋದು ಬಿಡೋದು ಆಮೇಲಿನ ಮಾತು. ಮೊದಲು ಒಂದು ಪ್ರಶ್ನೆಗೆ ಉತ್ತರ ಬೇಕು. ಆ ಫೋಟೋದಿಂದ ನನ್ನನ್ನು ತೆಗೆಸಿದ್ದು ಯಾರು? ನಿನ್ನ ಕೈಯಾರೆ ಬರೆದು ಕಳಿಸು.

ಇಂತಿ,
ಪಾರ್ಲರಿನವಳು


ಮಾರ್ಚ್ ೨೭

ಅಕ್ಕಾ,

ಹಾಗೆ ಸಹಿ ಹಾಕಬೇಡ.

ನಡೆದದ್ದು ಇಷ್ಟು. ಅಂಗಡಿಯಿಂದ ಮೊದಲ ಪ್ರಿಂಟು ಬಂದಾಗ ಅತ್ತೆ ನೋಡಿದರು. 'ಈ ಪಾರ್ಲರಿನವಳು ಮನೆಯವರ ಮಧ್ಯೆ ಯಾಕಿದ್ದಾಳೆ' ಅಂತ ಗದ್ದಲ ಮಾಡಿದರು. ಅವರೇ ಅಂಗಡಿಗೆ ಹೇಳಿಕಳಿಸಿರಬೇಕು. ನನಗೆ ಗೊತ್ತಾಗುವ ಹೊತ್ತಿಗೆ ಆಲ್ಬಮ್ ಕಟ್ಟಿ ಆಗಿತ್ತು. ನಾನು ಅತ್ತುಬಿಟ್ಟೆ. ಹೊಸ ಸೊಸೆ, ನನ್ನ ಮಾತು ಎಲ್ಲಿ ನಡೆಯುತ್ತಿತ್ತು ಹೇಳು?

ಈಗಲಾದರೂ ಮನಸ್ಸು ಮಾಡು. ಇವರು ದಿನಾ ಫೋನಿನಲ್ಲಿ ಕೇಳುತ್ತಾರೆ, ಆ ಬ್ಯೂಟಿಷಿಯನ್ ಸಹಿ ಹಾಕಿದರಾ ಅಂತ. ಮತ್ತೆ ಅಕ್ಕಾ, ಅಪ್ಪಿತಪ್ಪಿಯೂ ಮನೆಯ ವಿಳಾಸಕ್ಕೆ ಬರೆಯಬೇಡ. ಇಲ್ಲಿಗೆ ಬರುವ ಟಪಾಲನ್ನೆಲ್ಲ ಅತ್ತೆಯೇ ತೆಗೆದುಕೊಳ್ಳುತ್ತಾರೆ.

ನಿನ್ನ
ಪುಟ್ಟಿ


ಎಪ್ರಿಲ್ ೫
(ಅತ್ತೆಯ ಮನೆಯ ವಿಳಾಸಕ್ಕೆ ಬಂದ ಕಾರ್ಡು)

ಮಾನ್ಯ ಸೊಸೆಯವರಿಗೆ,

ನಿಮ್ಮ ಮದುವೆಯಲ್ಲಿ ಅಲಂಕಾರ ಮಾಡಿದ ಪಾರ್ಲರಿನವಳ ನಮಸ್ಕಾರಗಳು. ಅಂದಿನ ಊಟ ಬಹಳ ಚೆನ್ನಾಗಿತ್ತು, ಡ್ರೈವರ್‌ಗಳೂ ಒಳ್ಳೆಯ ಜನ, ನಿಮ್ಮ ಅತ್ತೆಯವರಿಗೆ ಮರೆಯದೆ ತಿಳಿಸಿ. ನೀವು ಬಿಟ್ಟುಹೋದ ಸಾಮಾನೊಂದು ನಮ್ಮಲ್ಲಿದೆ. ಅದನ್ನು ಯಾರು ಬಿಟ್ಟರು, ಯಾಕೆ ಬಿಟ್ಟರು ಅಂತ ನಿಜ ಬರೆದು ತಿಳಿಸಿದರೆ ಕಳಿಸುವ ವಿಚಾರ ಮಾಡುತ್ತೇವೆ. ಹೋದ ಸಲ ತಿಳಿಸಿದ್ದು ಸರಿಹೊಂದಲಿಲ್ಲ. ನಿಮಗೆ ನೆನಪಾಗದಿದ್ದರೆ ಅತ್ತೆಯವರನ್ನೇ ಕೇಳುತ್ತೇವೆ. ಮುಂದಿನ ಕಾರ್ಡನ್ನು ದೊಡ್ಡ ಅಕ್ಷರದಲ್ಲಿ ಬರೆಯುತ್ತೇನೆ, ಮನೆಯ ಹಿರಿಯರಿಗೂ ಓದಲು ಅನುಕೂಲವಾದೀತು.

ಇಂತಿ,
ಪಾರ್ಲರಿನವಳು


ಎಪ್ರಿಲ್ ೧೧

ತೃಪ್ತಿಯಾಯಿತಾ ನಿನಗೆ? ಕಾರ್ಡು ನೇರವಾಗಿ ಅತ್ತೆಯ ಕೈಗೇ ಸಿಕ್ಕಿತು. 'ಯಾರೇ ಇವಳು, ಇಷ್ಟು ಸಲಿಗೆ?' ಅಂತ ಮಧ್ಯಾಹ್ನವಿಡೀ ನನ್ನ ಹಿಂದೆ ಹಿಂದೆ ಬಂದರು. ಪಿನ್ನಿನ ಡಬ್ಬಿ ಬಿಟ್ಟು ಬಂದಿದ್ದೆ ಅಂದೆ. ಪಿನ್ನಿನ ಡಬ್ಬಿಗೆ ಯಾರಾದರೂ ಕಾರ್ಡು ಬರೀತಾರಾ ಅಂದರು. ಆಳುಗಳ ಮುಂದೆ, ನೆರೆಯವರ ಮುಂದೆ ನಿನ್ನ ಕಾರ್ಡನ್ನು ಎರಡು ಸಲ ಓದಿಸಿದರು.

ಸರಿ, ನಿನಗೆ ಬೇಕಾದ್ದು ತಗೋ. ನಾನೇ ತೆಗೆಸಿದ್ದು. ಅತ್ತೆ ಒಂದು ಮಾತು ಅಂದದ್ದು ನಿಜ, ಆದರೆ ತೆಗೆಸು ಅನ್ನಲಿಲ್ಲ. ನಾನೇ ಅಂಗಡಿಗೆ ಹೋದೆ. ಫೋಟೋದವನ ಪಕ್ಕ ಕುರ್ಚಿ ಎಳೆದುಕೊಂಡು ಕೂತು, ಪರದೆಯ ಮೇಲೆ ನಿನ್ನ ಮುಖಕ್ಕೆ ಬೆರಳಿಟ್ಟು 'ಇವರನ್ನ ತೆಗೀರಿ' ಅಂದೆ. 'ನಿಮ್ಮ ಅಕ್ಕನ್ನಾ?' ಅಂತ ಅವನು ಕೇಳಿದ. ನಾನು ಅದೇ ಜಾಗಕ್ಕೆ ಇನ್ನೊಮ್ಮೆ ಬೆರಳಿಟ್ಟೆ. ಖಾಲಿಯಾದ ಜಾಗಕ್ಕೆ ದೊಡ್ಡಮ್ಮನನ್ನು ತಂದು ನಿಲ್ಲಿಸುವ ಉಪಾಯವೂ ನನ್ನದೇ. ಕೈ ಮಾತ್ರ ಯಾಕೆ ಉಳಿಯಿತು ಅಂತ ನಾನು ಹೇಳುವುದಿಲ್ಲ. ಫೋಟೋ ನಿನ್ನ ಹತ್ತಿರವೇ ಇದೆಯಲ್ಲ.

ಈಗ ನನ್ನದೂ ಸ್ವಲ್ಪ ಕೇಳು. ನೀನು ಭಾವನನ್ನು ಬಿಟ್ಟು ಪೆಟ್ಟಿಗೆ ಹಿಡಿದು ಬಂದೆ. ಬಂದದ್ದು ಸರಿ, ಆ ಮನುಷ್ಯನ ಜೊತೆ ಯಾರೂ ಬಾಳಲಾರರು. ಆದರೆ ಆಮೇಲೆ ನನ್ನನ್ನು ನೋಡಲು ಬಂದವರು ಯಾರೂ ನನ್ನ ಮುಖ ನೋಡಲಿಲ್ಲ. ನಿನ್ನ ಕತೆ ಕೇಳಿ, ನೀರು ಕುಡಿದ ಲೋಟ ಕೆಳಗಿಟ್ಟು ಎದ್ದು ಹೋದರು. ಪ್ರತಿ ಸಲವೂ ನೀನು 'ಹೋಗ್ಲಿ ಬಿಡೇ, ಅಂಥವರ ಮನೆ ನಿನಗ್ಯಾಕೆ' ಅಂತ ನಗುತ್ತಿದ್ದೆ. ಗೋಡೆಗೆ ಮುಖ ಮಾಡಿ ಮಲಗಿದವಳು ನಾನು. ನಿನ್ನನ್ನು ಬೈಯಲೂ ಆಗುವುದಿಲ್ಲ, ನನ್ನನ್ನು ಸಾಕಿದವಳು ನೀನು. ಬೈಯಲಾಗದ ಸಿಟ್ಟು ಒಳಗೇ ಕೊಳೆಯಿತು.

ಆಮೇಲೆ ಇವರು ಸಿಕ್ಕರು. ಮೊದಲ ದಿನವೇ ನನ್ನ ಮಾತಿಗೆ ಹೊಟ್ಟೆ ಹಿಡಿದು ನಕ್ಕರು. ಇವರನ್ನು ಕಳೆದುಕೊಳ್ಳಲಾರೆ ಅನ್ನಿಸಿತು. ನಿನ್ನನ್ನು ಕಳೆದುಕೊಂಡರೂ ಸರಿಯೇ ಅನ್ನಿಸಿತು. ಹಾಗೇ ಅನ್ನಿಸಿದ್ದು, ಏನು ಮಾಡಲಿ?

ಬರೆದಿದ್ದೇನೆ, ನನ್ನ ಕೈಯಾರೆ. ಇನ್ನಾದರೂ ಸಹಿ ಹಾಕಿ ಕಳಿಸು. ದಮ್ಮಯ್ಯ.

ಪುಟ್ಟಿ


ಎಪ್ರಿಲ್ ೨೨

ಪುಟ್ಟಿ,

ನೀನು ಬರೆದಿದ್ದು ನನಗೆ ಹೊಸದಲ್ಲ. ನೀನು ಅಂಗಡಿಯಿಂದ ಹೊರಟ ಸಂಜೆಯೇ ಫೋಟೋದವನು ನನ್ನ ಪಾರ್ಲರಿಗೆ ಬಂದಿದ್ದ. ಬಾಗಿಲಲ್ಲೇ ನಿಂತು, 'ಅಕ್ಕಾ, ಇವು ನಿಮ್ಮ ಹತ್ರ ಇರ್ಲಿ' ಅಂತ ಪ್ರಿಂಟುಗಳ ಪೊಟ್ಟಣ ಕೊಟ್ಟು, ತಲೆ ಎತ್ತದೆ ಹೋದ. ಒಂದೂವರೆ ವರ್ಷ ಅದು ನನ್ನ ಬೀರುವಿನಲ್ಲಿ ಟವೆಲ್ಲುಗಳ ಅಡಿಯಲ್ಲಿತ್ತು. ನಿನ್ನ ಕೈಬರಹದಲ್ಲಿ ಬೇಕಿತ್ತು ಅಷ್ಟೇ. ಸಿಕ್ಕಿತು. ಓದಿದಾಗ ಅಂದುಕೊಂಡಷ್ಟು ಖುಷಿಯಾಗಲಿಲ್ಲ, ಆದರೂ ಆಯಿತು. ಸುಳ್ಳು ಹೇಳಲಾರೆ.

ಕೈ ಯಾಕೆ ಉಳಿಯಿತು ಅಂತ ನನಗೇ ಒಗಟು ಹಾಕಿದ್ದೀಯ. ಆ ಫೋಟೋದಲ್ಲಿ ನಾನು ನೋಡಿದ್ದು ನನ್ನ ಮುಖ. ಅವಮಾನ ನುಂಗಿಕೊಂಡು ನಿಂತ ಮುಖ. ಇನ್ನೇನು ನೋಡಬೇಕು ಅದರಲ್ಲಿ? ನಿನ್ನ ಒಗಟು ನಿನ್ನ ಹತ್ತಿರವೇ ಇರಲಿ.

ಸಹಿಯ ವಿಷಯ. ನೀನು ಕಳಿಸಿದ ಒಕ್ಕಣೆಗೆ ನಾನು ಸಹಿ ಹಾಕಲಿಲ್ಲ. ಆದರೆ ಅದು ಒಂದು ಕೆಲಸಕ್ಕೆ ಬಂತು. ಅದರ ಮೇಲ್ಗಡೆ ಅರ್ಜಿಯ ನಂಬರು, ಆ ಕಚೇರಿಯ ವಿಳಾಸ, ನಿನ್ನ ಗಂಡನ ವಿಳಾಸ ಎಲ್ಲವೂ ಇತ್ತು. ನನ್ನ ಹೇಳಿಕೆಯನ್ನು ನಾನೇ ಬರೆದೆ. ಪಾರ್ಲರಿಗೆ ಬರುವ ವಕೀಲೆಯೊಬ್ಬಳು ಅದನ್ನು ಆ ಕಚೇರಿಯ ಭಾಷೆಗೆ ತಿರುಗಿಸಿ, ಮೊಹರು ಹಾಕಿಸಿ ಕೊಟ್ಟಳು. ಅಸಲಿ ಫೋಟೋಗಳ ಜೊತೆ ನಿನ್ನೆ ರಿಜಿಸ್ಟರ್ಡ್ ಪೋಸ್ಟಿಗೆ ಹಾಕಿ ಬಂದೆ. ದೊಡ್ಡ ಫೋಟೋದ ಇನ್ನೊಂದು ಪ್ರತಿ ಇತ್ತು, ಅದನ್ನು ಇಟ್ಟುಕೊಂಡಿದ್ದೇನೆ. ಅರ್ಜಿ ಹಾಕಿದವನು ನಿನ್ನ ಗಂಡನಾದ್ದರಿಂದ ಹೇಳಿಕೆಯ ಒಂದು ಪ್ರತಿ ಅವನಿಗೂ ಹೋಗಿದೆ. ಇನ್ನು ನೀನು ಬಂದು ನನ್ನ ಬಾಗಿಲು ಮುರಿದರೂ ವಾಪಸು ಬರೋದಿಲ್ಲ.

ನಿನ್ನ ಪ್ರತಿ ಇದರ ಜೊತೆಗಿದೆ. ಕೂತು ಓದು. ನಿಂತು ಓದಿದರೆ ಬಿದ್ದೀಯ.

ಇಂತಿ,
ಈ ಸಲ ಪಾರ್ಲರಿನವಳಲ್ಲ


ಎಪ್ರಿಲ್ ೨೦
(ಜೊತೆಗಿದ್ದ ಹೇಳಿಕೆ)

ಮಾನ್ಯ ಅಧಿಕಾರಿಗಳಿಗೆ,

ನೀವು ಕೇಳಿರುವ ಕೈ ನನ್ನದು. ಅದರ ಕಿರುಬೆರಳು ಡೊಂಕಾಗಿದೆ. ನನ್ನ ಗಂಡನಾಗಿದ್ದವನು ಬೇಕೆಂದೇ ಬಾಗಿಲು ಹಾಕಿದಾಗ ಸಂದಿಗೆ ಸಿಕ್ಕಿ ಮುರಿದದ್ದು. ನನ್ನ ಕೈಯ ಈಗಿನ ಫೋಟೋ ಇಟ್ಟಿದ್ದೇನೆ, ಹೋಲಿಸಿ ನೋಡಬಹುದು.

ನಾನು ಅರ್ಜಿದಾರನ ಹೆಂಡತಿಯ ಒಡಹುಟ್ಟಿದ ಅಕ್ಕ. ನಮ್ಮಿಬ್ಬರ ಜನನ ಪತ್ರಗಳ ನಕಲು ಇದೆ. ಅರ್ಜಿಯಲ್ಲಿ ಒಡಹುಟ್ಟಿದವರು ಇಲ್ಲ ಎಂದು ಬರೆದಿರುವುದು ಸುಳ್ಳು. ಆ ಸುಳ್ಳು ಅವಳ ಗಂಡನದಲ್ಲ, ಅವನಿಗೂ ಹಾಗೆಯೇ ಹೇಳಲಾಗಿತ್ತು. ಗಂಡನನ್ನು ಬಿಟ್ಟವಳ ತಂಗಿಯನ್ನು ಆ ಮನೆಯವರು ಒಪ್ಪುವುದಿಲ್ಲ ಎಂಬ ಭಯದಿಂದ ಅವಳು ನನ್ನನ್ನು ಮುಚ್ಚಿಟ್ಟಳು. ಮದುವೆಯ ದಿನ ಕೂಲಿಗೆ ಬಂದ ಪಾರ್ಲರಿನವಳೆಂದು ತೋರಿಸಿದಳು. ಆಮೇಲೆ ಫೋಟೋದಿಂದಲೂ ತೆಗೆಸಿದಳು.

ಈ ಮದುವೆ ನಿಜವಾದದ್ದೇ ಎಂಬುದು ನಿಮ್ಮ ಪ್ರಶ್ನೆ. ನಮ್ಮ ಅಮ್ಮ ಹೋದಾಗ ಇವಳಿಗೆ ಜಡೆ ಹಾಕಿಕೊಳ್ಳಲೂ ಬರುತ್ತಿರಲಿಲ್ಲ. ರಸ್ತೆ ದಾಟುವಾಗ ಈ ಕೈಯ ಕಿರುಬೆರಳನ್ನೇ ಹಿಡಿದುಕೊಳ್ಳುತ್ತಿದ್ದಳು. ಆಗ ಅದು ನೆಟ್ಟಗಿತ್ತು. ಇವಳ ಉಗುರು ಕತ್ತರಿಸಿದ್ದು, ಇವಳನ್ನು ಓದಿಸಿ ಟೀಚರ್ ಮಾಡಿದ್ದು ಈ ಕೈ. ಈ ಗಂಡ ಬೇಕು ಎಂಬ ಒಂದೇ ಆಸೆಗೆ ಇವಳು ಆ ಕೈಯನ್ನು ಕೊಡವಿಕೊಂಡಳು. ಬರೀ ವೀಸಾಕ್ಕಾಗಿ ಮದುವೆಯಾಗುವವಳು ಅಕ್ಕನನ್ನು ಯಾಕೆ ಕಳೆದುಕೊಳ್ಳುತ್ತಾಳೆ? ಪಕ್ಕದಲ್ಲೇ ನಿಲ್ಲಿಸಿಕೊಂಡು ನಾಲ್ಕು ಫೋಟೋ ಹೆಚ್ಚಿಗೆ ತೆಗೆಸುತ್ತಾಳೆ. ಇಷ್ಟು ದೊಡ್ಡ ಅನ್ಯಾಯ ಮಾಡಬೇಕಾದರೆ ಆ ಗಂಡನ ಮೇಲೆ ಅಷ್ಟು ಪ್ರೀತಿ ಇರಲೇಬೇಕು. ಇದಕ್ಕಿಂತ ದೊಡ್ಡ ಪುರಾವೆ ಬೇರೆ ಯಾರೂ ನಿಮಗೆ ಕೊಡಲಾರರು.

ಮದುವೆ ನಿಜ. ಸುಳ್ಳಾದದ್ದು ನನ್ನ ತಂಗಿ.

ಸಹಿ,
ಮೇಲ್ಕಂಡ ಕೈಯ ಒಡತಿ


ಆಗಸ್ಟ್ ೯

ಅಕ್ಕಾ,

ವೀಸಾ ಬಂತು. ನಿನಗೆ ತಿಳಿಸದೆ ಹೋಗುವುದು ಸರಿಯಲ್ಲ ಅನ್ನಿಸಿತು.

ಕಚೇರಿಯವರು ಫೋನ್ ಮಾಡಿದ್ದರು. ಮದುವೆಯ ದಿನದ್ದು, ಮನೆಯದ್ದು, ಏನೇನೋ ಕೇಳುತ್ತಾರೆ ಅಂತ ಉರು ಹೊಡೆದುಕೊಂಡು ಕೂತಿದ್ದೆ. ಆ ಹೆಂಗಸು, ಹೌದು, ನೀನು ಪುಣ್ಯಾತ್ಮ ಅಂದವನು ಹೆಂಗಸು, ಕೇಳಿದ್ದು ಒಂದೇ ಮಾತು. ನಿಮ್ಮ ಅಕ್ಕ ಬರೆದಿದ್ದೆಲ್ಲ ನಿಜವೇ? ನಿಜ ಅಂದೆ. ಎಲ್ಲವೂ? ಎಲ್ಲವೂ ಅಂದೆ. ಆಮೇಲೆ ಅರ್ಜಿಯಲ್ಲಿ ನಿನ್ನ ಹೆಸರು ಸೇರಿಸಿ, ತಿದ್ದಿ ಕಳಿಸಿ ಅಂದರು. ಸೇರಿಸಿದೆ.

ನಿನ್ನ ಹೇಳಿಕೆ ಕೈ ಸೇರಿದ ದಿನ ಇವರು ಫೋನ್ ಮಾಡಿ, ಮೊದಲಿನಿಂದ ಕೊನೆಯವರೆಗೆ ನನಗೇ ಓದಿ ಹೇಳಿದರು. ಆಮೇಲೆ 'ಅವರು ಅವತ್ತು ಊಟ ಮಾಡಿದ್ರಾ?' ಅಂತ ಕೇಳಿದರು. ಗೊತ್ತಿಲ್ಲ ಅಂದೆ. ಮಿಕ್ಕಿದ್ದೆಲ್ಲಕ್ಕಿಂತ ಆ 'ಗೊತ್ತಿಲ್ಲ'ಕ್ಕೆ ಅವರಿಗೆ ಹೆಚ್ಚು ಸಿಟ್ಟು ಬಂತು.

ಅತ್ತೆ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಅಡುಗೆಮನೆಯಲ್ಲಿ ಪಾತ್ರೆಗಳಿಗೆ ಕೇಳುವ ಹಾಗೆ, 'ನಾನೇನು ಹುಲಿನಾ ಕರಡಿನಾ, ಒಂದು ಮಾತು ಹೇಳಿದ್ರೆ ತಿಂದುಬಿಡ್ತಿದ್ನಾ?' ಅನ್ನುತ್ತಾರೆ. ಹೇಳಿದ್ದರೆ ಏನಾಗುತ್ತಿತ್ತೋ ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಹೇಳಿ ನೋಡಲಿಲ್ಲವಲ್ಲ.

ಆಫೀಸರ್ ನಂಬಿದರು ಅಕ್ಕ. ಇವರು ನಂಬುತ್ತಿಲ್ಲ. ಶಾಲೆಯಲ್ಲಿ ತಡವಾಯಿತು ಅಂದರೆ 'ಹೂಂ' ಅನ್ನುತ್ತಾರೆ. ತಲೆನೋವು ಅಂದರೆ 'ಹೂಂ'. ಮುಂಚೆ ನನ್ನ ಒಂದು ಮಾತಿಗೆ ಹತ್ತು ಮಾತು ಸೇರಿಸಿ ನಗುತ್ತಿದ್ದ ಮನುಷ್ಯ. ಮೊನ್ನೆ 'ಇನ್ನೂ ಯಾರಾದ್ರೂ ಇದ್ದಾರಾ, ನಾನು ನೋಡದೇ ಇರೋರು?' ಅಂತ ಕೇಳಿದರು. ತಮಾಷೆ ಅಂದುಕೊಂಡು ನಕ್ಕೆ. ಅವರು ನಗಲಿಲ್ಲ. ಅವರನ್ನು ಸೇರಲು ಇಷ್ಟೆಲ್ಲ ಮಾಡಿದೆ. ಈಗ ಹೋಗಿ ಆ 'ಹೂಂ' ಜೊತೆ ಒಂದೇ ಮನೆಯಲ್ಲಿ ಬಾಳಬೇಕು.

ನಿನಗೆ ಬೇಕಾಗಿದ್ದು ಇದೇ ಅಲ್ಲವಾ? ನೀನು ಗೆದ್ದೆ.

ಸೆಪ್ಟೆಂಬರ್ ೧೨ರ ಮಧ್ಯಾಹ್ನ ಹೊರಡುತ್ತೇನೆ. ಬಾ ಅಂತ ಕರೆಯುವ ಮುಖ ನನಗಿಲ್ಲ. ಹೊಸ ವಿಳಾಸ ನಿನ್ನ ಹತ್ತಿರ ಹೇಗೂ ಇದೆ.

ಪುಟ್ಟಿ


ಅಕ್ಟೋಬರ್ ೩

ಪುಟ್ಟಿ,

ನಾನು ವಿಮಾನ ನಿಲ್ದಾಣಕ್ಕೆ ಬರಲಿಲ್ಲ. ಬರಬಾರದು ಅಂತಲೇ ಬರಲಿಲ್ಲ. ಆ ಮಧ್ಯಾಹ್ನ ಪಾರ್ಲರಿನ ಬಾಗಿಲು ಹಾಕಿ, ನನ್ನ ಹತ್ತಿರ ಉಳಿದಿದ್ದ ಆ ಒಂದು ಫೋಟೋ ತೆಗೆದುಕೊಂಡು ಫೋಟೋದವನ ಅಂಗಡಿಗೆ ಹೋದೆ.

'ಇದನ್ನ ದೊಡ್ಡದು ಮಾಡಿಕೊಡು. ಮದುಮಗಳನ್ನ ತೆಗೆದುಬಿಡು' ಅಂದೆ.

ಅವನು ನನ್ನ ಮುಖ ನೋಡಿದ. 'ಮದುಮಗಳನ್ನಾ?'

'ಹೌದು. ಹೂವು, ಬಟ್ಟೆ, ನಗು, ಎಲ್ಲಾ. ನಾನೊಬ್ಬಳೇ ಇರಬೇಕು.'

ಅದನ್ನು ಪಾರ್ಲರಿನ ಗೋಡೆಗೆ ಹಾಕಬೇಕು, ಖಾಲಿ ಜಾಗದ ಮೇಲೆ ಯಾಕೆ ಕೈ ಇಟ್ಟಿದ್ದೀರಿ ಅಂತ ಯಾರಾದರೂ ಕೇಳಬೇಕು, ಕೇಳಿದವರಿಗೆಲ್ಲ ನಿನ್ನ ಕತೆ ಹೇಳಬೇಕು ಅಂತ ನನ್ನ ಆಸೆ. ನೀನು ವಿಮಾನ ಹತ್ತುವ ಹೊತ್ತಿಗೇ ನಿನ್ನನ್ನು ಅಳಿಸಿಹಾಕಬೇಕು ಅಂತ ಆ ದಿನವನ್ನೇ ಆರಿಸಿಕೊಂಡಿದ್ದೆ. ನನ್ನ ಹೊಟ್ಟೆಯೊಳಗಿನ ಉರಿ ಅಷ್ಟಿತ್ತು.

ಅವನು ಫೋಟೋವನ್ನು ಸ್ಕ್ಯಾನ್ ಮಾಡಿ ಪರದೆ ತುಂಬ ದೊಡ್ಡದು ಮಾಡಿದ. ನಿನ್ನ ಮುಖ ಹೋಯಿತು. ಹೂವು ಹೋಯಿತು. ಒಂದೊಂದು ಹೋದಾಗಲೂ ನಾನು ಹೂಂ ಅಂದೆ. ಆಮೇಲೆ ಅವನು ಕೈ ತೆಗೆದು ಕೂತ.

'ಅಕ್ಕಾ, ಇಷ್ಟು ಮಾತ್ರ ಆಗಲ್ಲ.'

'ಯಾಕೆ?'

'ಅವರ ಬೆರಳು ನಿಮ್ಮ ಕೈ ಮೇಲಿದೆ. ಅದನ್ನ ತೆಗೆದ್ರೆ ನಿಮ್ಮ ಕೈಯೂ ಹಾಳಾಗುತ್ತೆ.'

ನಾನು ಕನ್ನಡಕ ಹಾಕಿಕೊಂಡು ನೋಡಿದೆ. ಸಣ್ಣ ಪ್ರಿಂಟಿನಲ್ಲಿ ಅದನ್ನು ಶಾಲಿನ ನೆರಳು ಅಂದುಕೊಂಡಿದ್ದೆ. ಶಾಲಿನ ಅಂಚಿನ ಅಡಿಯಿಂದ ನಾಲ್ಕು ಬೆರಳು ಬಂದಿವೆ. ಸುಟ್ಟ ಇಟ್ಟಿಗೆಯ ಬಣ್ಣದ ಉಗುರು. ನಾನು ಬೆರೆಸಿದ್ದು, ಇನ್ನೊಬ್ಬಳಿಗೆ ಹಚ್ಚದೇ ಇದ್ದದ್ದು. ನೀನು ನನ್ನ ಕೈಯನ್ನು ತಳ್ಳುತ್ತಿದ್ದೆ ಅಂತ ಇಷ್ಟು ದಿನ ನಂಬಿದ್ದೆ ನಾನು. ತಳ್ಳುವ ಬೆರಳು ಹಾಗೆ ಮಡಚಿಕೊಳ್ಳೋದಿಲ್ಲ ಪುಟ್ಟಿ. ನನ್ನ ಡೊಂಕು ಕಿರುಬೆರಳನ್ನು ಸುತ್ತಿ ಹಿಡಿದಿದ್ದೀಯ, ಗೆಣ್ಣು ಬಿಳಿಚಿಕೊಳ್ಳುವ ಹಾಗೆ. ರಸ್ತೆ ದಾಟುವಾಗ ಹಿಡಿಯುತ್ತಿದ್ದ ಹಾಗೇ.

ಫೋಟೋದವನು ಅಂದ, 'ಅವತ್ತು ನಿಮ್ಮ ತಂಗಿಗೂ ಇದನ್ನೇ ಹೇಳಿದ್ದೆ. ಬಿಡದೆ ಕೂತ್ರೆ ತೆಗೀಬಹುದು, ತೆಗೀಲಾ ಅಂದೆ. ಅವರು ಸುಮಾರು ಹೊತ್ತು ನೋಡ್ತಾ ಕೂತ್ರು. ಬೇಡ, ಅದೊಂದು ಇರ್ಲಿ ಅಂದ್ರು.'

'ನನಗೆ ಯಾಕೋ ಹೇಳಲಿಲ್ಲ?'

'ನಿಮ್ಮ ಕೈ ವಿಷಯ ನಿಮಗೆ ಗೊತ್ತಿರಲ್ವಾ ಅಂದ್ಕೊಂಡೆ.'

ಅಂದರೆ ಅಂಗಡಿಯವನ ಎಡವಟ್ಟಲ್ಲ ಅದು. ಅದೊಂದನ್ನೂ ತೆಗೆಸಿಬಿಟ್ಟಿದ್ದರೆ ಯಾವ ಆಫೀಸರ್ ಕಣ್ಣಿಗೂ ಏನೂ ಬೀಳುತ್ತಿರಲಿಲ್ಲ, ನೀನು ಸದ್ದಿಲ್ಲದೆ ಗಂಡನ ಮನೆ ಸೇರುತ್ತಿದ್ದೆ. ನೀನು ಸಿಕ್ಕಿಬಿದ್ದದ್ದು ಬಿಡಲಾರದೆ ಉಳಿಸಿಕೊಂಡದ್ದಕ್ಕೆ. ಅದನ್ನು ಓದಿ ನಾನು ಗಿರಾಕಿ ಹೆದರುವ ಹಾಗೆ ನಕ್ಕಿದ್ದೆ.

ಇಷ್ಟಕ್ಕೆಲ್ಲ ಕ್ಷಮಿಸಿಬಿಟ್ಟಳು ಅಂದುಕೊಳ್ಳಬೇಡ. ಅಂದಿನ ಕನ್ನಡಿ ಇನ್ನೂ ನನ್ನ ಕಣ್ಣ ಮುಂದೆ ಇದೆ, 'ಹೂಂ ಅತ್ತೆ' ಇನ್ನೂ ಕಿವಿಯಲ್ಲಿದೆ. ನನ್ನ ಹೇಳಿಕೆಯ ಕೊನೆಯ ಸಾಲೊಂದನ್ನು ವಾಪಸು ತಗೊಳ್ಳುತ್ತೇನೆ. ಮಿಕ್ಕಿದ್ದು ಹಾಗೇ ಇರಲಿ, ಅದೆಲ್ಲ ನಿಜ.

ಅಳಿಸುವುದನ್ನು ಅಲ್ಲಿಗೇ ನಿಲ್ಲಿಸಿ, ಇದ್ದದ್ದು ಇದ್ದ ಹಾಗೆ ದೊಡ್ಡದು ಮಾಡಿಸಿದೆ. ಒಂದು ಪ್ರತಿ ಇದರ ಜೊತೆಗಿದೆ. ನಿನ್ನ ಗಂಡನ ಮುಂದೆ ಇಡು. ಮಾತಾಡೋಕೆ ಹೋಗಬೇಡ, ನಿನ್ನ ಮಾತಿಗೆ ಈಗ ಬೆಲೆಯಿಲ್ಲ. ಬೆರಳಿಟ್ಟು ತೋರಿಸು, ನನ್ನ ಮುಖಕ್ಕೆ ಇಟ್ಟೆಯಲ್ಲ ಹಾಗೆ. ಆ ಹುಡುಗ ನರ್ಸು. ಎಷ್ಟು ಜನರ ಕೈ ಹಿಡಿದು ನೋಡಿರುತ್ತಾನೆ, ಹಿಡಿದ ಕೈ ಯಾವುದು, ತಳ್ಳುವ ಕೈ ಯಾವುದು ಅವನಿಗೆ ತಿಳಿಯುತ್ತೆ. ನಂಬೋದು ಬಿಡೋದು ಅವನಿಗೆ ಬಿಟ್ಟದ್ದು. ಮತ್ತೆ ಅವನು ಕೇಳಿದ್ದಕ್ಕೆ ಉತ್ತರ, ನಾನು ಅವತ್ತು ಊಟ ಮಾಡಲಿಲ್ಲ. ಕಾರ್ಡಿನಲ್ಲಿ ಬರೆದದ್ದು ಸುಳ್ಳು. ಹೊರಗೆ ಬಂದು ಬಸ್ಸು ಹತ್ತಿದೆ.

ನಿನ್ನ ನಂಬರಿಗೆ ಹಾಕಿದ್ದ ಬ್ಲಾಕು ತೆಗೆದಿದ್ದೇನೆ. ಫೋನ್ ಮಾಡಿದರೆ ಬೈತೀನಿ, ಅದಕ್ಕೆ ತಯಾರಾಗಿ ಮಾಡು. ಮೊದಲು ಕೇಳೋದು ಏನು ಅಂತ ಈಗಲೇ ಬರೆದಿರುತ್ತೇನೆ, ಉತ್ತರ ಹುಡುಕಿಟ್ಟುಕೋ. ಶಾಲಿನ ಅಡಿಯಲ್ಲಿ ಅಷ್ಟು ಬಿಗಿಯಾಗಿ ಹಿಡಿದವಳು, ಎಲ್ಲರಿಗೂ ಕಾಣುವ ಹಾಗೆ ಶಾಲಿನ ಮೇಲೆ ಹಿಡಿದಿದ್ದರೆ ನಿನ್ನ ಗಂಟೇನು ಹೋಗ್ತಿತ್ತೇ?

ಅಕ್ಕ